ಅಮೆರಿಕದ ಗೋಧಿ ಒತ್ತಡಕ್ಕೆ ಹೊಲದಲ್ಲೇ ಉತ್ತರ ಕೊಟ್ಟ ಸಚಿವ: ಇದು ಸಿ. ಸುಬ್ರಮಣಿಯಂ ಕಥೆ

ಚೆನ್ನೈ: ಅನ್ನ ಕೊಡುವ ದೇಶವೇ ಬಾಯಿ ಮುಚ್ಚಿಕೊಂಡಿರಿ ಎಂದರೆ ಏನು ಮಾಡಬೇಕು? 1965ರಲ್ಲಿ ಭಾರತದ ಮುಂದೆ ಇದ್ದದ್ದು ಇದೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ಹೊಣೆ ಬಿದ್ದದ್ದು ಅಂದಿನ ಕೇಂದ್ರ ಆಹಾರ ಮತ್ತು ಕೃಷಿ ಸಚಿವ ಸಿ. ಸುಬ್ರಮಣಿಯಂ ಅವರ ಹೆಗಲಿಗೆ.

1910ರ ಜನವರಿ 30ರಂದು ಪೊಳ್ಳಾಚಿ ಬಳಿಯ ರೈತ ಕುಟುಂಬದಲ್ಲಿ ಜನಿಸಿದ ಸುಬ್ರಮಣಿಯಂ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವಿಜ್ಞಾನ ಓದಿ, ಬಳಿಕ ಕಾನೂನು ಪದವಿ ಪಡೆದರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಸೇರಿದರು. ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದರು. 1952ರಿಂದ 10 ವರ್ಷ ಮದ್ರಾಸ್ ರಾಜ್ಯದಲ್ಲಿ ಸಚಿವರಾಗಿದ್ದ ಅವರಿಗೆ 1964ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಆಹಾರ ಖಾತೆ ವಹಿಸಿದರು.

ಆಗ ಭಾರತ ಪಿಎಲ್-480 ಯೋಜನೆಯಡಿ ಅಮೆರಿಕದ ಗೋಧಿಯನ್ನು ನೆಚ್ಚಿಕೊಂಡಿತ್ತು. ಹಣವನ್ನು ರೂಪಾಯಿಯಲ್ಲೇ ಕೊಡಬಹುದಿತ್ತು. ಆದರೆ ಅಧ್ಯಕ್ಷ ಲಿಂಡನ್ ಜಾನ್ಸನ್ ದೀರ್ಘಾವಧಿ ಒಪ್ಪಂದಕ್ಕೆ ಒಪ್ಪದೆ, ತಿಂಗಳ ಲೆಕ್ಕದಲ್ಲಿ ಗೋಧಿ ಬಿಡತೊಡಗಿದರು. ಪಾಕಿಸ್ತಾನದ ಜತೆ ಯುದ್ಧ, ಅದರ ಮೇಲೆ ಬರ. ಸೋಮವಾರ ಒಂದು ಹೊತ್ತಿನ ಊಟ ಬಿಡುವಂತೆ ಶಾಸ್ತ್ರಿ ಜನರಿಗೆ ಕರೆ ಕೊಟ್ಟ ದಿನಗಳವು.

1965ರ ನವೆಂಬರ್‌ನಲ್ಲಿ ರೋಮ್‌ನಲ್ಲಿ ಅಮೆರಿಕದ ಕೃಷಿ ಕಾರ್ಯದರ್ಶಿ ಆರ್ವಿಲ್ ಫ್ರೀಮನ್ ಜತೆ ಸುಬ್ರಮಣಿಯಂ ಒಪ್ಪಂದಕ್ಕೆ ಬಂದರು. ಕೃಷಿಗೆ ಹೆಚ್ಚು ಹಣ, ರಸಗೊಬ್ಬರ, ಹೊಸ ತಳಿ ಎಂಬ ಷರತ್ತುಗಳು ಅದರಲ್ಲಿದ್ದವು. ಅವರು ಅದಾಗಲೇ ಹಿಡಿದಿದ್ದ ದಾರಿಯೂ ಅದೇ. ಆಹಾರ ನಿಗಮ ಅದೇ ವರ್ಷದ ಜನವರಿಯಲ್ಲಿ ಮದ್ರಾಸನ್ನು ಕೇಂದ್ರವಾಗಿಸಿಕೊಂಡು, ತಂಜಾವೂರಿನಲ್ಲಿ ಮೊದಲ ಜಿಲ್ಲಾ ಕಚೇರಿ ತೆರೆದಿತ್ತು.

1966ರಲ್ಲಿ ಮೆಕ್ಸಿಕೊದಿಂದ 18,000 ಟನ್ ಗೋಧಿ ಬೀಜ ತರಿಸಲಾಯಿತು. ವಿರೋಧಗಳ ನಡುವೆಯೂ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಮತ್ತು ಕಾರ್ಯದರ್ಶಿ ಬಿ. ಶಿವರಾಮನ್ ಬೆನ್ನಿಗೆ ನಿಂತರು. ದೆಹಲಿಯ ತಮ್ಮ ಬಂಗಲೆಯ ಹುಲ್ಲುಹಾಸನ್ನೇ ಸಚಿವರು ಗೋಧಿ ಗದ್ದೆ ಮಾಡಿದರು.

ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ಭಾರತ ಟೀಕಿಸಿದ್ದು ಜಾನ್ಸನ್‌ಗೆ ಹಿಡಿಸಲಿಲ್ಲ. 1966ರಲ್ಲಿ ಬಿಹಾರ ಬರದಿಂದ ಬೇಯುತ್ತಿದ್ದಾಗಲೇ ಗೋಧಿ ಹಡಗುಗಳು ತಡವಾದವು. ಆದರೂ ಭಾರತ ನಿಲುವು ಬದಲಿಸಲಿಲ್ಲ. ಕೃಷಿ ಸುಧಾರಣೆಯಲ್ಲಿ ಒತ್ತಡ ಫಲಿಸಿದ್ದು ದೆಹಲಿಗೂ ಅದು ಬೇಕಿದ್ದರಿಂದ. ವಿದೇಶಾಂಗ ನೀತಿಯಲ್ಲಿ ಅದು ಸೋತಿತು. ಪರರ ಕಾಳು ನಂಬಿ ಕೂರಬಾರದೆಂಬ ಹಟವನ್ನಷ್ಟೇ ಹುಟ್ಟಿಸಿತು.

1967ರ ಚುನಾವಣೆಯಲ್ಲಿ ಅಕ್ಕಿ ಅಭಾವವೇ ಮದ್ರಾಸ್ ರಾಜ್ಯದಲ್ಲಿ ದೊಡ್ಡ ವಿಷಯವಾಯಿತು. ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು, ಸುಬ್ರಮಣಿಯಂ ಕೂಡ ಸೋತರು. ಮರುವರ್ಷ, 1968ರಲ್ಲಿ, ದೇಶ ದಾಖಲೆಯ ಗೋಧಿ ಬೆಳೆ ಕಂಡಾಗ ಅವರು ಸಚಿವರಾಗಿರಲಿಲ್ಲ.

ಫಲ ಕಂಡದ್ದು 1971ರಲ್ಲಿ. ಬಾಂಗ್ಲಾ ಯುದ್ಧದ ವೇಳೆ ಅಮೆರಿಕ ನೆರವು ತಡೆಹಿಡಿದರೂ ಭಾರತ ಬಗ್ಗಲಿಲ್ಲ. ಉಗ್ರಾಣಗಳಲ್ಲಿ ಕಾಳಿತ್ತು.

1998ರಲ್ಲಿ ಭಾರತರತ್ನ ಪಡೆದ ಸುಬ್ರಮಣಿಯಂ, 2000ರ ನವೆಂಬರ್ 7ರಂದು ಚೆನ್ನೈನಲ್ಲಿ ಕೊನೆಯುಸಿರೆಳೆದರು.