ಮೂತ್ರಪಿಂಡದ ಅಳತೆಯಿಂದ ದೇಶದ ಆರೋಗ್ಯದವರೆಗೆ

1904ರಲ್ಲಿ ನ್ಯೂಯಾರ್ಕ್‌ನಲ್ಲಿ ಜನಿಸಿದ ಡಾ. ಜೇಮ್ಸ್ ಶಾನನ್, ಮೂತ್ರಪಿಂಡಗಳು ರಕ್ತವನ್ನು ಸೋಸುವ ವೇಗವನ್ನು ಇನ್ಯುಲಿನ್ (ಇನ್ಸುಲಿನ್ ಅಲ್ಲ) ಎಂಬ ಸಸ್ಯಜನ್ಯ ಪದಾರ್ಥದ ನೆರವಿನಿಂದ ಅಳೆಯುವ ವಿಧಾನವನ್ನು ಹೋಮರ್ ಸ್ಮಿತ್ ಅವರೊಡನೆ ರೂಪಿಸಿದರು. ಈ ಅಳತೆಯ ಶಿಸ್ತೇ ಎರಡನೇ ಮಹಾಯುದ್ಧದಲ್ಲಿ ಕೈಹಿಡಿಯಿತು. ಮಲೇರಿಯಾಕ್ಕೆ ನೀಡುತ್ತಿದ್ದ ಅಟಬ್ರಿನ್ ಮಾತ್ರೆ ನುಂಗಲು ಅಡ್ಡಪರಿಣಾಮಗಳಿಂದಾಗಿ ಸೈನಿಕರು ಹಿಂಜರಿಯುತ್ತಿದ್ದರು. ರಕ್ತದಲ್ಲಿನ ಔಷಧವನ್ನು ಅಳೆದ ಶಾನನ್ ತಂಡ, ಆರಂಭದಲ್ಲಿ ಹೆಚ್ಚು, ಬಳಿಕ ಕಡಿಮೆ ಎಂಬ ಕ್ರಮವನ್ನು ನಿಗದಿಪಡಿಸಿತು.

1955ರಲ್ಲಿ ಕಟರ್ ಕಂಪನಿಯ ಪೋಲಿಯೊ ಲಸಿಕೆಯಲ್ಲಿ ಜೀವಂತ ವೈರಾಣು ಉಳಿದು ಹಲವು ಮಕ್ಕಳು ಪಾರ್ಶ್ವವಾಯುವಿಗೆ ತುತ್ತಾದರು. ಲಸಿಕೆಯ ಮೇಲ್ವಿಚಾರಣೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯದಾಗಿತ್ತು. ಜನರ ವಿಶ್ವಾಸ ಕುಸಿದಿದ್ದ ಆ ಸಂಸ್ಥೆಯ ಚುಕ್ಕಾಣಿಯನ್ನು ಅದೇ ಆಗಸ್ಟ್‌ನಲ್ಲಿ ಶಾನನ್ ಹಿಡಿದರು. ಸಂಸ್ಥೆಗೆ ಹಣ ತಂದವರೆಂದೇ ಅವರು ಖ್ಯಾತರು. ವಿಶ್ವಾಸ ಮರಳಿ ತಂದದ್ದು ಅದಕ್ಕಿಂತ ಕಠಿಣ ಕೆಲಸ. 10 ಕೋಟಿ ಡಾಲರ್‌ಗೂ ಕಡಿಮೆಯಿದ್ದ ಬಜೆಟ್, 1968ರಲ್ಲಿ ಅವರು ನಿವೃತ್ತರಾಗುವ ವೇಳೆಗೆ 100 ಕೋಟಿ ದಾಟಿತ್ತು. 1994ರಲ್ಲಿ ಅವರು ನಿಧನರಾದರು.