ಮಕ್ಕಳ ಮಹಾಗುರು ಪಂಜೆ ಮಂಗೇಶರಾಯರು

ದೇವಾಲಯವೊಂದು ನೂರು ವರ್ಷ ಪೂರೈಸುವಾಗ ಅದರ ಗೋಡೆ ಗೋಪುರಗಳ ಲೆಕ್ಕವನ್ನಷ್ಟೇ ಹಾಕಿದರೆ ಸಾಲದು. ಆ ಗೋಡೆಗಳ ನೆರಳಿನಲ್ಲಿ ಬೆಳೆದ ಮಕ್ಕಳು ಯಾವ ಮಾತಿನಲ್ಲಿ ನಕ್ಕರು, ಯಾವ ಹಾಡನ್ನು ಕಲಿತರು, ಅದನ್ನು ಕಲಿಸಿದವರು ಯಾರು ಎಂಬುದನ್ನೂ ನೆನೆಯಬೇಕು. ಆದುದರಿಂದ ಈ ಶತಮಾನೋತ್ಸವದ ಸಂಚಿಕೆಯಲ್ಲಿ ನಾವು ಒಬ್ಬ ಶಿಕ್ಷಕರನ್ನು ಸ್ಮರಿಸಲು ಬಯಸುತ್ತೇವೆ. ಅವರು ನಮ್ಮ ಧರ್ಮಸಭೆಯವರಲ್ಲ, ನಮ್ಮ ಹೊಸಪೇಟೆಯವರೂ ಅಲ್ಲ. ಆದರೆ ಕನ್ನಡ ಶಾಲೆಯ ಬೆಂಚಿನಲ್ಲಿ ಕುಳಿತು ಹಾವಿನ ಹಾಡನ್ನು ಹಾಡಿದ ಪ್ರತಿಯೊಬ್ಬರೂ ಅವರ ಶಿಷ್ಯರೇ ಸರಿ. ಅವರೇ ‘ಕವಿಶಿಷ್ಯ’ ಪಂಜೆ ಮಂಗೇಶರಾಯರು.

ಮಂಗೇಶರಾಯರು 1874ರ ಫೆಬ್ರವರಿ 22ರಂದು ದಕ್ಷಿಣ ಕನ್ನಡದ ಬಂಟ್ವಾಳದಲ್ಲಿ ಜನಿಸಿದರು. ತಂದೆ ರಾಮಪ್ಪಯ್ಯ, ತಾಯಿ ಸೀತಮ್ಮ. ಮನೆಯ ಮಾತು ಕೊಂಕಣಿ, ಅಂಗಳದ ಆಚೆಗೆ ಕೇಳಿಬರುತ್ತಿದ್ದುದು ತುಳು, ಶಾಲೆಯಲ್ಲಿ ಕನ್ನಡ. ಈ ಮೂರರ ನಡುವೆ ಬೆಳೆದ ಬಾಲಕನು ಒಂದನ್ನು ಪ್ರೀತಿಸಲು ಇನ್ನೊಂದನ್ನು ಹಳಿಯಲಿಲ್ಲ. ಮನೆಯ ಮಾತನ್ನು ಮನೆಯಲ್ಲಿ ಉಳಿಸಿಕೊಂಡು, ತುಳುನಾಡಿನ ಜನಪದ ವೀರರ ಕಥೆಯನ್ನು ‘ಕೋಟಿ ಚೆನ್ನಯ’ ಎಂಬ ಪುಸ್ತಕವಾಗಿ ಕನ್ನಡಕ್ಕೆ ತಂದು, ತಮ್ಮ ಲೇಖನಿಯನ್ನು ಪೂರ್ಣವಾಗಿ ಕನ್ನಡಕ್ಕೆ ಒಪ್ಪಿಸಿದರು.

ಬಡತನದಲ್ಲಿಯೇ ವಿದ್ಯಾಭ್ಯಾಸ ನಡೆಯಿತು. ಸಂಸಾರದ ಭಾರ ಎಳೆಯ ಹೆಗಲಿಗೇ ಬಿದ್ದಿತು. ಮುಂದೆ ಅವರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಆ ಕಾಲದಲ್ಲಿ ಇಂಗ್ಲಿಷ್ ಉಪಾಧ್ಯಾಯರಿಗಿದ್ದ ಮನ್ನಣೆ ದೇಶಭಾಷೆಯ ಪಂಡಿತರಿಗೆ ಇರಲಿಲ್ಲ. ಆದರೆ ಮಂಗೇಶರಾಯರ ಪಾಠ ಹುಡುಗರ ಮನಸ್ಸಿನಲ್ಲಿ ಬೇರು ಬಿಟ್ಟಿತು. ಅವರಿಂದ ಪಾಠ ಹೇಳಿಸಿಕೊಂಡವರಲ್ಲಿ ಮಂಜೇಶ್ವರದ ಗೋವಿಂದ ಪೈಗಳೂ ಒಬ್ಬರು. 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿ ಎನಿಸಿದ ಅದೇ ಪೈಗಳು, ನಮ್ಮ ಪ್ರಭುವಿನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ರಚಿಸಿದರು. ಶುಭ ಶುಕ್ರವಾರದ ವ್ಯಥೆಯನ್ನು ಕನ್ನಡದ ಕಾವ್ಯದಲ್ಲಿ ಓದಬಲ್ಲ ಭಾಗ್ಯ ನಮಗೆ ಲಭಿಸಿದ್ದರ ಹಿಂದೆ, ಕವಿತೆಯನ್ನು ಪ್ರೀತಿಸಿದ ಆ ಶಿಕ್ಷಕರ ಪಾಠವೂ ಇದೆಯೆಂಬುದನ್ನು ನಾವು ಮರೆಯಲಾಗದು.

ಅಂದಿನ ಮಕ್ಕಳಿಗೆ ದೊರೆಯುತ್ತಿದ್ದ ಪದ್ಯಗಳು ಬಹುಮಟ್ಟಿಗೆ ಹಿರಿಯರಿಗಾಗಿ ಬರೆದವು. ನಡುಗನ್ನಡದ ನೀತಿಪದ್ಯಗಳನ್ನು ಬಾಯಿಪಾಠ ಮಾಡಿಸಿ, ತಪ್ಪಿದರೆ ಬೆತ್ತ ಬೀಸುವುದೇ ಬೋಧನೆ ಎನಿಸಿತ್ತು. ಮಗುವಿನ ನಾಲಿಗೆಗೆ ಒಗ್ಗುವ, ಕೈ ತಟ್ಟಿ ಹಾಡುವ ಪದ್ಯ ಬೇಕೆಂದು ಮಂಗೇಶರಾಯರು ಕಂಡುಕೊಂಡರು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಅವರ ಪದ್ಯಪುಸ್ತಕಗಳು ಈ ಕೊರತೆಯನ್ನು ತುಂಬಿದವು. ತೆಂಕಣ ಗಾಳಿಯಾಟ, ಉದಯರಾಗ, ನಾಗಣ್ಣನ ಕನ್ನಡಕ, ಅಣ್ಣನ ವಿಲಾಪ ಮೊದಲಾದವುಗಳಲ್ಲಿ ನಗೆಯೂ ಇದೆ, ಅಳುವೂ ಇದೆ. ಒಣ ಉಪದೇಶ ಮಾತ್ರ ಇಲ್ಲ. ಮಕ್ಕಳ ಪುಸ್ತಕಗಳಿಗಾಗಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದವರೂ ಅವರೇ.

ಕಥೆಯ ಕ್ಷೇತ್ರದಲ್ಲಿಯೂ ಅವರು ಮೊದಲ ಸಾಲಿನವರು. ಬೆನಗಲ್ ರಾಮರಾಯರ ‘ಸುವಾಸಿನಿ’ ಪತ್ರಿಕೆಯಲ್ಲಿ ಬಂದ ಅವರ ಕಥೆಗಳು ಕನ್ನಡದ ಸಣ್ಣಕಥೆಗೆ ನಾಂದಿ ಹಾಡಿದವುಗಳೆಂದು ವಿದ್ವಾಂಸರು ಎಣಿಸುತ್ತಾರೆ. ಅವುಗಳಲ್ಲೊಂದರ ಹೆಸರು ‘ಕಮಲಾಪುರದ ಹೋಟ್ಲಿನಲ್ಲಿ’. ಹಂಪೆಯ ಮಗ್ಗುಲಲ್ಲಿಯೇ ಅದೇ ಹೆಸರಿನ ಊರಿರುವುದರಿಂದ, ಈ ಶೀರ್ಷಿಕೆಯನ್ನು ಕೇಳಿದಾಗ ನಮ್ಮವರ ಮುಖದಲ್ಲಿ ಮುಗುಳುನಗೆ ಮೂಡುವುದು ಸಹಜ. ವಿನೋದದ ಬರಹಕ್ಕೆ ಅವರು ಇಟ್ಟುಕೊಂಡ ಹೆಸರು ‘ಹರಟೆಮಲ್ಲ’, ಪದ್ಯಕ್ಕೆ ‘ಕವಿಶಿಷ್ಯ’. ಕವಿಯೆನ್ನದೆ ಕವಿಗಳ ಶಿಷ್ಯನೆಂದು ಕರೆದುಕೊಂಡ ವಿನಯವನ್ನು ಗಮನಿಸಬೇಕು. ಕೊನೆಯವರೆಗೂ ಕಲಿಯುವವನೇ ಕಲಿಸಬಲ್ಲನು.

ಮುಂದೆ ಅವರು ಶಾಲಾ ತನಿಖಾಧಿಕಾರಿಯಾದರು. ತನಿಖಾಧಿಕಾರಿ ಬರುವನೆಂದರೆ ಶಿಕ್ಷಕರೂ ಮಕ್ಕಳೂ ನಡುಗುತ್ತಿದ್ದ ಕಾಲವದು. ಮಂಗೇಶರಾಯರಾದರೋ ಮಕ್ಕಳ ನಡುವೆ ಕುಳಿತು ಕಥೆ ಹೇಳುವರು, ಹಾಡುವರು, ಹಾಡಿಸುವರು. ಅಧಿಕಾರವು ಅವರ ಕೈಯಲ್ಲಿ ಬೆತ್ತವಾಗಲಿಲ್ಲ, ಊರುಗೋಲಾಯಿತು.

ಅನಂತರ ಅವರ ಸೇವೆ ಕೊಡಗಿಗೆ ಸಂದಿತು. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಅವರು ದುಡಿದರು. ಕಡಲ ತೀರದ ಮನುಷ್ಯನಿಗೆ ಮಂಜು ಮಳೆಯ ಆ ಬೆಟ್ಟದ ನಾಡು ಹೊಸದು. ವರ್ಗವಾಗಿ ಬಂದವನು ದಿನ ಎಣಿಸುತ್ತ ಕಾಲ ಕಳೆಯಬಹುದಿತ್ತು. ಅವರು ಹಾಗೆ ಮಾಡದೆ ಆ ನಾಡಿನ ಚರಿತ್ರೆಯನ್ನೂ ಹಬ್ಬಹರಿದಿನಗಳನ್ನೂ ಕಲಿತು, ಹೊಸ ಬತ್ತದ ಕದಿರನ್ನು ಮನೆ ತುಂಬಿಸುವ ಸುಗ್ಗಿಯ ಹಬ್ಬದ ಹೆಸರಿನಲ್ಲಿ ‘ಹುತ್ತರಿ ಹಾಡು’ ರಚಿಸಿದರು. ಕೊಡಗಿನವರು ಇಂದಿಗೂ ಅದನ್ನು ತಮ್ಮ ನಾಡಗೀತೆಯೆಂಬಂತೆ ಹಾಡುತ್ತಾರೆ. ಹೊರಗಿನಿಂದ ಬಂದ ಒಬ್ಬ ಮುಖ್ಯೋಪಾಧ್ಯಾಯನು ಒಂದು ನಾಡಿಗೆ ಅದರ ಹಾಡನ್ನೇ ಕೊಟ್ಟು ಹೋದುದು ಸಾಮಾನ್ಯ ಸಂಗತಿಯಲ್ಲ. ಊರಿಂದೂರಿಗೆ ವರ್ಗವಾಗುವ ನಮ್ಮಂತಹ ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಇದೊಂದು ಮೇಲ್ಪಂಕ್ತಿ.

1934ರಲ್ಲಿ ನಮ್ಮ ತುಂಗಭದ್ರೆಯ ಆಚೆಗಿನ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನೆರೆದಾಗ ಅಧ್ಯಕ್ಷಪೀಠ ಅವರಿಗೆ ಸಂದಿತು. ಅಂದಿನ ಭೂಪಟವನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು. ಹೊಸಪೇಟೆ, ಹಂಪೆ, ಕಂಪ್ಲಿಗಳು ಮಂಗಳೂರಿನಂತೆಯೇ ಮದರಾಸು ಪ್ರಾಂತ್ಯಕ್ಕೆ ಸೇರಿದ್ದವು. ಸಂಡೂರಿಗೆ ಅದರದೇ ಅರಸರಿದ್ದರು. ಕೊಡಗು ಬೇರೆಯೇ ಪ್ರಾಂತ್ಯ. ಹೀಗೆ ಹರಿದು ಹಂಚಿಹೋದ ನಾಡನ್ನು ಹೊಲಿದ ನೂಲುಗಳಲ್ಲಿ ಮಕ್ಕಳ ಪದ್ಯವೂ ಒಂದು. ಬಳ್ಳಾರಿ ಸೀಮೆಯು ಮೈಸೂರು ರಾಜ್ಯವನ್ನು ಸೇರಿದ್ದು 1953ರಲ್ಲಿ. ಕನ್ನಡನಾಡು ಒಂದಾದದ್ದು 1956ರಲ್ಲಿ. ಅದನ್ನು ಕಾಣಲು ಪಂಜೆಯವರು ಇರಲಿಲ್ಲ. 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಅವರು ಕಣ್ಮುಚ್ಚಿದರು.

ಪ್ರಿಯ ಭಕ್ತಾದಿಗಳೇ, ಈ ಜೀವನಚರಿತ್ರೆ ನಮ್ಮ ಮನೆಬಾಗಿಲಿಗೂ ಬರುತ್ತದೆ. ನಮ್ಮ ವಿಚಾರಣೆಯಲ್ಲಿ ಮನೆಯಲ್ಲಿ ತಮಿಳು, ತೆಲುಗು, ಕೊಂಕಣಿ ಆಡುವ ಕುಟುಂಬಗಳು ಹಲವು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನರ ಭಾಷೆಗೆ ಆರಾಧನೆಯ ಬಾಗಿಲು ತೆರೆದ ಬಳಿಕ ನಮ್ಮೆಲ್ಲರನ್ನೂ ಒಂದೇ ಬಲಿಪೀಠದ ಮುಂದೆ ಕೂಡಿಸಿರುವುದು ಕನ್ನಡ. ಆದರೆ ಕನ್ನಡದಲ್ಲಿ ಮಾತಾಡಿದುದಕ್ಕಾಗಿ ಪುಟ್ಟ ಬಾಲಕಿಯೊಬ್ಬಳನ್ನು ತರಗತಿಯ ಹೊರಗೆ ನಿಲ್ಲಿಸಿದ್ದನ್ನು ಒಂದು ಶಾಲೆಯಲ್ಲಿ ನಾವು ಕಣ್ಣಾರೆ ಕಂಡಿದ್ದೇವೆ. ಇಂಗ್ಲಿಷ್ ಬೇಕು, ನಿಜ. ಹೊಟ್ಟೆಪಾಡಿನ ಪ್ರಶ್ನೆಯನ್ನು ನಾವು ಅಲ್ಲಗಳೆಯುವುದಿಲ್ಲ. ಪಂಜೆಯವರೂ ಇಂಗ್ಲಿಷನ್ನು ಚೆನ್ನಾಗಿ ಕಲಿತು, ಅಲ್ಲಿಯ ಒಳಿತನ್ನು ಕನ್ನಡಕ್ಕೆ ತಂದವರೇ. ಒಂದು ಭಾಷೆಯನ್ನು ಕಲಿಸಲು ಇನ್ನೊಂದರ ಬಗ್ಗೆ ನಾಚಿಕೆಯನ್ನು ಬಿತ್ತಬೇಕಾಗಿಲ್ಲ. ಶಿಕ್ಷಕರ ಪಾಲಕರಾದ ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾಸಾಲರೂ ಬಡಮಕ್ಕಳಿಗೆ ಲ್ಯಾಟಿನ್ನಿನ ಬದಲು ಅವರ ಫ್ರೆಂಚ್ ಮಾತಿನಲ್ಲಿಯೇ ಓದು ಆರಂಭಿಸಿದವರು.

ಭಾಷೆಗೆ ನಾಚುವ ಮಗು ನಾಳೆ ಅಜ್ಜಿಯ ಪ್ರಾರ್ಥನೆಗೂ ನಾಚೀತು. ಆದಕಾರಣ ತಾಯ್ತಂದೆಯರು ಜಪಸರದ ತರುವಾಯ ಮಕ್ಕಳಿಂದ ಒಂದು ಕನ್ನಡ ಪದ್ಯವನ್ನು ಹಾಡಿಸಲಿ. ಧರ್ಮೋಪದೇಶದ ತರಗತಿಗಳಲ್ಲಿ ಕಥೆಗೂ ಹಾಡಿಗೂ ಸ್ಥಾನ ದೊರೆಯಲಿ. ನೂರು ವರ್ಷಗಳಲ್ಲಿ ಈ ವಿಚಾರಣೆಯ ಮಕ್ಕಳಿಗೆ ಅಕ್ಷರ ತಿದ್ದಿಸಿದ ಸಕಲ ಶಿಕ್ಷಕರನ್ನೂ ಪಂಜೆಯವರ ನೆನಪಿನೊಡನೆ ವಂದಿಸುತ್ತೇವೆ. ಅಗಲಿದವರಿಗೆ ದೇವರು ನಿತ್ಯಶಾಂತಿಯನ್ನೂ, ಇಂದು ಕಲಿಸುತ್ತಿರುವವರಿಗೆ ಮಗುವಿನ ಮುಂದೆ ಬಾಗುವ ಮನಸ್ಸನ್ನೂ ಕರುಣಿಸಲಿ.