ನನ್ನ ಕೈಲಾಗುತ್ತಾ ಅನ್ನೋ ಕೊರಗೇ?

ನರ್ಸಿಂಗ್ ಓದಿ ಮುಗಿಸಿ, ತ್ಯಾಮಗೊಂಡ್ಲುವಿನಿಂದ ಬೆಳಗಿನ ಬಸ್ಸು ಹಿಡಿದು ನೆಲಮಂಗಲಕ್ಕೋ ಬೆಂಗಳೂರಿಗೋ ಡ್ಯೂಟಿಗೆ ಹೋಗುವ ಹುಡುಗಿಯರ ಪಾಡು ನಿಮಗೆ ಗೊತ್ತಿರಬಹುದು. ನಿಮ್ಮ ಮಗಳೋ ಸೊಸೆಯೋ ಅಂಥ ಕೆಲಸದಲ್ಲಿರಬಹುದು. ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಆಸ್ಪತ್ರೆ ಕೆಲಸಕ್ಕೆ ಸೇರಿದ ನೀವೇ ಇರಬಹುದು. ಡ್ರಿಪ್ ಹಾಕುವಾಗ ಒಂದೇ ಸಲಕ್ಕೆ ನರ ಸಿಗಲಿಲ್ಲ, ರೋಗಿಯ ಕಡೆಯವರು ರೇಗಿದರು. ಅಷ್ಟೇ, ರಾತ್ರಿಯೆಲ್ಲ ನಿದ್ದೆಯಿಲ್ಲ. ನನಗೆ ಈ ಕೆಲಸ ಬರುತ್ತಾ, ನನ್ನ ಕೈಲಾಗುತ್ತಾ ಅನ್ನೋ ಕೊರಗು.

ಇಂಥ ಹೊತ್ತಿನಲ್ಲಿ ಡಾ. ಐಡಾ ಸ್ಕಡರ್ ಅವರನ್ನು ನೆನೆಸಿಕೊಳ್ಳಿ. ದೊಡ್ಡ ಕಾಯಿಲೆ ಎಂದರೆ ನಮ್ಮ ಕಡೆಯವರೂ ಹೋಗುವ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯನ್ನು ಕಟ್ಟಿದವರು ಅವರೇ.

ಐಡಾ ಹುಟ್ಟಿದ್ದು 1870ರಲ್ಲಿ, ತಮಿಳುನಾಡಿನ ರಾಣಿಪೇಟೆಯಲ್ಲಿ. ತಂದೆ ಅಮೆರಿಕದ ಮಿಷನರಿ ವೈದ್ಯರು. ಮಗಳಿಗೆ ಮಾತ್ರ ಆ ಬದುಕು ಸುತರಾಂ ಬೇಡವಾಗಿತ್ತು. ಅಮೆರಿಕದಲ್ಲಿ ಓದುತ್ತಿದ್ದವರು ತಾಯಿಗೆ ಹುಷಾರಿಲ್ಲವೆಂದು ತಿಂಡಿವನಂಗೆ ಬಂದಿದ್ದರು. ಒಂದು ರಾತ್ರಿ ಒಬ್ಬರ ಹಿಂದೊಬ್ಬರಂತೆ ಮೂವರು ಗಂಡಸರು ಬಾಗಿಲಿಗೆ ಬಂದರು. ಮೂವರ ಹೆಂಡತಿಯರಿಗೂ ಹೆರಿಗೆ ಕಷ್ಟವಾಗಿತ್ತು. ಗಂಡು ಡಾಕ್ಟರು ಮುಟ್ಟುವಂತಿಲ್ಲ, ನೀವೇ ಬನ್ನಿ ಅಂತ ಐಡಾರನ್ನು ಬೇಡಿಕೊಂಡರು. ಆದರೆ ಅವರಿಗೆ ವೈದ್ಯದ ಗಂಧವೇ ಇರಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಣ್ಣುಮಕ್ಕಳೂ ತೀರಿಕೊಂಡಿದ್ದರು.

ಏನೂ ಗೊತ್ತಿಲ್ಲ ಅನ್ನೋದು ಆ ರಾತ್ರಿಯ ನಿಜ. ಐಡಾ ಅದನ್ನು ಹಣೆಬರಹ ಅಂದುಕೊಳ್ಳಲಿಲ್ಲ, ಕಲಿಯಲು ಹೊರಟರು. 1899ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವೈದ್ಯ ಪದವಿ ಪಡೆದು, 1900ರಲ್ಲಿ ವೆಲ್ಲೂರಿಗೆ ಬಂದರು.

ಅನುಭವಸ್ಥರಾದ ಅಪ್ಪ ಜೊತೆಗಿದ್ದಾರೆ ಎಂಬ ಧೈರ್ಯ ಇತ್ತು. ಆದರೆ ಅದೇ ವರ್ಷ ಅಪ್ಪ ತೀರಿಕೊಂಡರು. ಯೋಚಿಸಿ ನೋಡಿ, ಕೈಯಲ್ಲಿ ಹೊಸ ಡಿಗ್ರಿ, ಕೇಳಿ ತಿಳಿಯಲು ಹಿರಿಯರಿಲ್ಲ, ಆಸ್ಪತ್ರೆಯೂ ಇಲ್ಲ! ಮನೆಯಲ್ಲೇ ಚಿಕ್ಕದೊಂದು ಕೋಣೆಯಲ್ಲಿ ಔಷಧಿ ಕೊಡಲು ಶುರು ಮಾಡಿದರು. ಮೊದಲ ದೊಡ್ಡ ಆಪರೇಷನ್‌ಗೆ ಸಹಾಯಕ್ಕೆ ನಿಂತಿದ್ದು ಮನೆಯ ಬಟ್ಲರನ ಹೆಂಡತಿ ಸಾಲೋಮಿ. ಆಕೆ ನರ್ಸಿಂಗ್ ಓದಿದವಳಲ್ಲ. ಐಡಾ ಅವಳಿಗೂ ಕಲಿಸಿಕೊಂಡೇ ಕೆಲಸ ಮಾಡಿದರು.

ಎರಡು ವರ್ಷದಲ್ಲಿ ಅವರು ನೋಡಿದ ರೋಗಿಗಳು 5,000. ದಿನಕ್ಕೆ ಆರೇಳು ಜನ ಅಷ್ಟೇ. ಕೈ ಪಳಗಿದ್ದು ಹೀಗೇ. ಧೈರ್ಯ ಪೂರ್ತಿ ಬಂದ ಮೇಲೆ ಕೆಲಸ ಮಾಡೋಣ ಅಂತ ಅವರು ಕೂತಿದ್ದರೆ 1902ರಲ್ಲಿ ಆಸ್ಪತ್ರೆ ಬಾಗಿಲು ತೆರೆಯುತ್ತಿತ್ತೇ?

ಒಬ್ಬಳಿಂದಲೇ ಎಲ್ಲ ಆಗದು ಎಂಬುದೂ ಅವರಿಗೆ ಗೊತ್ತಿತ್ತು. ಅದಕ್ಕೇ 1909ರಲ್ಲಿ ನರ್ಸಿಂಗ್ ಶಾಲೆ, 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ತೆರೆದರು. ಮೂರು ಅರ್ಜಿ ಬಂದರೆ ಪುಣ್ಯ ಅಂದವರಿದ್ದರು. ಬಂದದ್ದು 151! ಮುಂದೆ ಸರ್ಕಾರದ ನಿಯಮ ಬದಲಾಗಿ ಶಾಲೆ ಮುಚ್ಚುವ ಸ್ಥಿತಿ ಬಂದಾಗ, ಎಪ್ಪತ್ತು ದಾಟಿದ್ದ ಐಡಾ ಅಮೆರಿಕದಲ್ಲಿ ಊರೂರು ಅಲೆದು ಹಣ ಕೂಡಿಸಿದರು. 1960ರಲ್ಲಿ ಕೊಡೈಕೆನಾಲ್‌ನಲ್ಲಿ ಕಣ್ಣು ಮುಚ್ಚಿದರು.

ಇದರಿಂದ ನೀವು ತೆಗೆದುಕೊಳ್ಳಬೇಕಾದ್ದಿಷ್ಟು. ನನಗೇನೂ ಬರಲ್ಲ ಅನ್ನಿಸಿದಾಗ, ಬಾರದಿರುವುದು ಯಾವುದು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಡ್ರಿಪ್ ಹಾಕುವುದೋ, ಔಷಧಿಯ ಲೆಕ್ಕವೋ, ಹೊಸ ಮಿಷನ್ನೋ? ಹೆಸರು ಸಿಕ್ಕರೆ ಅದನ್ನು ಕಲಿಯಬಹುದು. ಮಾರನೇ ದಿನ ಹಿರಿಯ ಸಿಸ್ಟರ್ ಹತ್ತಿರ ಅದೊಂದನ್ನು ತೋರಿಸಿಕೊಡಿ ಅಂತ ಕೇಳಿ. ನಾಚಿಕೆ ಬೇಡ. ಅನುಮಾನ ಬಂದಾಗ ಔಷಧಿಯ ಚೀಟಿಯನ್ನು ಇನ್ನೊಮ್ಮೆ ನೋಡುವುದು ದಡ್ಡತನವಲ್ಲ, ರೋಗಿಗೆ ಅದೇ ರಕ್ಷೆ. ದಿನದ ಕೊನೆಗೆ, ಸರಿಯಾಗಿ ಮಾಡಿದ್ದನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ.

ಕೆಲಸಕ್ಕೆ ಹೋಗುವವಳು ಸೊಸೆಯಾದರೆ, ಅವಳು ಬಾಗಿಲಿಗೆ ಬಂದ ಕೂಡಲೇ ಅಡುಗೆ ವಿಷಯ ಎತ್ತಬೇಡಿ. ಒಂದು ಲೋಟ ಕಾಫಿ ಕೊಟ್ಟು, ಅವಳ ಮಾತಿಗೆ ಹತ್ತು ನಿಮಿಷ ಕಿವಿಗೊಡಿ. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಡ್ಯೂಟಿ ಎಂದರೆ ಎದೆ ಹೊಡೆದುಕೊಳ್ಳುತ್ತಿದ್ದರೆ ಮಾತ್ರ ತಡ ಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡೂ ಕೊಡಬೇಕಿಲ್ಲ.